ಬದು ಉಳಿದರೆ ಮದ್ದು: ಅಕ್ಕೋಳದಿಂದ ಐದು ತಾಲೂಕುಗಳಿಗೆ

ಎರಡು ಹೊಲಗಳ ನಡುವಿನ ಬದುವಿಗೆ ಇನ್ನು ಮುಂದೆ ಕಸನಾಶಕ ಹೊಡೆಯಬಾರದು. ನಮ್ಮ ಚಳವಳಿಯ ಮೊದಲ ಮಾತು ಇದು. ಉಳಿದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ. ವೇದಗಂಗೆಯ ದಂಡೆಯ ಅಕ್ಕೋಳದಲ್ಲಿ ನಿಂತು ನಾವಿದನ್ನು ಹೇಳುತ್ತಿದ್ದೇವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ರೈತರಿಗೆ, ಕಬ್ಬು ಕಡಿಯುವವರಿಗೆ, ಬೀಡಿ ಸುತ್ತುವ ಮತ್ತು ಕಳೆ ತೆಗೆಯುವ ಹೆಣ್ಣುಮಕ್ಕಳಿಗೆ ಹೇಳುತ್ತಿದ್ದೇವೆ. ಬದುವಿನ ಮದ್ದಿನ ಗಿಡಗಳನ್ನು ಗುರುತಿಸಬಲ್ಲವರು ಪ್ರತಿ ಮನೆಯಲ್ಲಿ ಒಬ್ಬರಾದರೂ ಇರಬೇಕು. ಅವರು ವರ್ಷಕ್ಕೊಮ್ಮೆ ತಮ್ಮ ಮನೆಗೆ ಸಾಕಾಗುವಷ್ಟು ಮುಲಾಮು ತಾವೇ ಕಾಯಿಸಬೇಕು. ಅದನ್ನು ಮಾರಬಾರದು.

ಇಷ್ಟು ಸಣ್ಣ ಸಂಗತಿಗೆ ಚಳವಳಿ ಬೇಕೆ ಎಂದು ಕೇಳುವವರು ಈಗಿನ ಬದುಗಳನ್ನು ಒಮ್ಮೆ ನಡೆದು ನೋಡಲಿ. ನಮ್ಮ ಭಾಗ ತಂಬಾಕು ಮತ್ತು ಜೋಳದ ಸೀಮೆಯಾಗಿದ್ದಾಗ ಬದು ಅಗಲವಿತ್ತು, ಇಬ್ಬರು ಎದುರುಬದುರಾಗಿ ನಡೆಯುವಷ್ಟು. ವೇದಗಂಗೆಗೆ ಪಾಟಗಾಂವದಲ್ಲಿ, ದೂಧಗಂಗೆಗೆ ಕಾಳಮ್ಮವಾಡಿಯಲ್ಲಿ ಅಣೆಕಟ್ಟು ಬಂದವು. ನದಿಯಲ್ಲಿ ಬೇಸಿಗೆಗೂ ನೀರು ನಿಂತಿತು, ದಂಡೆಗುಂಟ ಪಂಪ್‌ಸೆಟ್ ಕೂತವು, ಕಬ್ಬು ಬಂತು. ಆ ನೀರಿನಿಂದ ಮನೆಗಳಲ್ಲಿ ದೀಪ ಹೊತ್ತಿದೆ, ಮಕ್ಕಳು ಕಾಲೇಜು ಕಂಡಿದ್ದಾರೆ. ನಾವು ಕಬ್ಬಿನ ವೈರಿಗಳಲ್ಲ. ಆದರೆ ಕಬ್ಬಿನ ಜೊತೆಗೆ ಒಂದು ಆಸೆಯೂ ಬಂತು. ಬದುವನ್ನು ಪ್ರತಿ ವರ್ಷ ಒಂದು ಗೇಣು ಕೆತ್ತಿ ಸಾಲಿಗೆ ಸೇರಿಸಿಕೊಂಡೆವು, ಉಳಿದ ಗೇಣಿನಲ್ಲಿ ಹುಲ್ಲು ಕಂಡರೆ ಪಂಪು ಬೆನ್ನಿಗೆ ಏರಿಸಿದೆವು. ಹೀಗೆ ಸಿಂಪಡಿಸಿದ ಬದು ಎಂಟು ದಿನಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಮರುವರ್ಷ ಅಲ್ಲಿ ಮೊದಲು ತಲೆಯೆತ್ತುವುದು ಕಾಂಗ್ರೆಸ್ ಕಸ. ಹಳೆಯ ಗಿಡಗಳ ಬೀಜ ಅಷ್ಟು ಬೇಗ ಮರಳಿ ಬರುವುದಿಲ್ಲ.

ಆ ಹಳೆಯ ಗಿಡಗಳು ಯಾವುವು? ವರ್ಷವಿಡೀ ನೆಲಕ್ಕೆ ಅಂಟಿ ಹರಡುವ, ಉದ್ದ ದಂಟಿನ ತುದಿಗೆ ಹಳದಿ ನಡುವಿನ ಸಣ್ಣ ಬಿಳಿ ಹೂ ಬಿಡುವ ದಗಡಿಪಾಲಾ. ಗಿಡಮೂಲಿಕೆಯ ಪುಸ್ತಕಗಳು ಅದನ್ನು ಗಬ್ಬು ಶಾವಂತಿ ಎನ್ನುತ್ತವೆ. ಕಾಲುವೆಯ ತೇವ ಇದ್ದಲ್ಲಿ ಗರಗ. ಅದರ ತಪ್ಪಲು ತಿಕ್ಕಿದರೆ ಬೆರಳು ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗುತ್ತದೆ. ಮಿರಗದ (ಮೃಗಶಿರಾ) ಮಳೆ ಸುರಿದ ಮೇಲೆ ಗುಂಪುಗುಂಪಾಗಿ ಏಳುವ ಚಗಚೆ. ದಾರಿಯಲ್ಲಿ ಸೀರೆಯ ಅಂಚಿಗೆ ಕಚ್ಚಿಕೊಳ್ಳುವ ಉತ್ತರಾಣಿ. ಹಳ್ಳದ ದಂಡೆಗೆ ಲಕ್ಕಿ ಮತ್ತು ಹುಲಗಲ. ಸ್ತವನಿಧಿಯ ಗುಡ್ಡದ ಮುರಮಿನ ಇಳಿಜಾರಿಗೆ ತಂಗಡಿ. ಇವುಗಳಲ್ಲಿ ಒಂದೂ ಅಪರೂಪದ್ದಲ್ಲ, ಒಂದೂ ಅಳಿವಿನಂಚಿನ ಪಟ್ಟಿಯಲ್ಲಿ ಇಲ್ಲ. ದಗಡಿಪಾಲಾ ಅಮೆರಿಕ ಖಂಡದ ಉಷ್ಣಸೀಮೆಯಿಂದ ಬಂದು ಇಲ್ಲಿ ನೆಲೆನಿಂತ ಗಿಡ. ಅಪರೂಪವಲ್ಲದ ಕಾರಣಕ್ಕೇ ಇವುಗಳ ಪರವಾಗಿ ಮಾತನಾಡುವವರು ಯಾರೂ ಇಲ್ಲ. 1993ರಿಂದ ಕರ್ನಾಟಕದಲ್ಲಿ ಔಷಧಿ ಸಸ್ಯಗಳ ಸಂರಕ್ಷಣೆಗೆ ದೊಡ್ಡ ಕೆಲಸ ನಡೆಯಿತು. ದರ್ಶನ್ ಶಂಕರ್ ಅವರ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಅರಣ್ಯ ಇಲಾಖೆಯ ಜೊತೆ ಸೇರಿ ಕಾಡಿನೊಳಗೆ ಔಷಧಿ ಸಸ್ಯಗಳ ರಕ್ಷಿತ ತಾಣಗಳನ್ನು ಗುರುತಿಸಿತು. ಅದನ್ನು ನಾವು ಗೌರವಿಸುತ್ತೇವೆ. ಆದರೆ ನಮ್ಮ ತಾಲೂಕುಗಳಲ್ಲಿ ಕಾಡೇ ಕಡಿಮೆ. ನಮಗೆ ಕಾಡು ಎಂದರೆ ಬದು, ಹಳ್ಳದ ದಂಡೆ ಮತ್ತು ದನ ಮೇಯುವ ಊರಿನ ಗಾಯರಾಣ.

ಗಿಡ ಹೋದರೆ ಗಿಡದ ಗುರುತೂ ಹೋಗುತ್ತದೆ. ಗಣೇಶ ಚೌತಿಯ ಇಪ್ಪತ್ತೊಂದು ಪತ್ರಿಯಲ್ಲಿ ಉತ್ತರಾಣಿ ಇದೆ, ಎಕ್ಕಿ ಇದೆ, ಗರಗ ಇದೆ, ಬನ್ನಿ ಇದೆ. ಪತ್ರಿ ತರಲು ಹೊಲಕ್ಕೆ ಹೋದ ಹುಡುಗರು ವರ್ಷಕ್ಕೊಮ್ಮೆ ಈ ಗಿಡಗಳನ್ನು ಮುಟ್ಟಿ ನೋಡುತ್ತಿದ್ದರು, ತಪ್ಪು ತಂದರೆ ಅಜ್ಜಿ ತಿದ್ದುತ್ತಿದ್ದಳು. ಈಗ ಪತ್ರಿಯನ್ನು ಸಂತೆಯಲ್ಲಿ ಕಟ್ಟುಕಟ್ಟಾಗಿ ಕೊಳ್ಳುತ್ತೇವೆ. ಕಟ್ಟಿನೊಳಗೆ ಏನಿದೆಯೆಂದು ಬಿಚ್ಚಿ ನೋಡುವವರು ಯಾರು?

ಇದು ಹಳೆಯದರ ಮೇಲಿನ ಮೋಹದ ಮಾತಲ್ಲ. ನಮ್ಮ ಭಾಗದ ಮೈಗಳಿಗೆ ಚರ್ಮದ ತೊಂದರೆ ದಿನನಿತ್ಯದ್ದು. ಕಬ್ಬಿನ ಸೋಗೆಯ ಅಂಚು ಗರಗಸದ ಹಾಗೆ. ಹಂಗಾಮಿನಲ್ಲಿ ಕಡಿಯುವವರ ಮುಂಗೈ ಮೇಲೆ ಗೀರಿಲ್ಲದ ಜಾಗ ಸಿಗುವುದಿಲ್ಲ. ವಿಜಯಪುರದಿಂದಲೋ ಬೀಡ ಜಿಲ್ಲೆಯಿಂದಲೋ ಬಂದು ಹೊಲದ ಮಗ್ಗುಲಲ್ಲಿ ಗುಡಿಸಲು ಹಾಕಿದ ಗ್ಯಾಂಗಿನವರಿಗೆ ಸಂಜೆ ಹೊತ್ತು ಔಷಧದ ಅಂಗಡಿ ದೂರ. ಮಳೆಗಾಲದಲ್ಲಿ ನೀರು ಹಾಯಿಸುವವರ ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣು. 2005ರಲ್ಲಿ, 2019ರಲ್ಲಿ, 2021ರಲ್ಲಿ ನದಿಗಳು ಉಕ್ಕಿ ದಿನಗಟ್ಟಲೆ ನಿಂತ ನೀರಿನಲ್ಲಿ ಓಡಾಡಿದಾಗ ಈ ಹುಣ್ಣಿನ ಕಷ್ಟ ದಂಡೆಯ ಊರುಗಳಿಗೆಲ್ಲ ಗೊತ್ತಾಯಿತು. ತಂಬಾಕಿನ ವಖಾರಿಗಳಲ್ಲಿ ಎಲೆ ಕುಟ್ಟಿ ಜರಡಿ ಹಿಡಿಯುವ ಹೆಂಗಸರ ಅಂಗೈ ಒಣಗಿ ಬಿರಿಯುತ್ತದೆ. ಎರಿ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದವರ ಹಿಮ್ಮಡಿ ಚಳಿಗಾಲಕ್ಕೆ ಸೀಳುತ್ತದೆ. ಇವು ಯಾವುವೂ ಆಸ್ಪತ್ರೆಗೆ ಹೋಗುವ ರೋಗಗಳಲ್ಲ, ಆದರೆ ಕೂಲಿ ತಪ್ಪಿಸುವಷ್ಟು ನೋವು ಕೊಡುತ್ತವೆ. ಹೀಗಾದಾಗ ಕೈಗೆ ಸಿಕ್ಕದ್ದನ್ನು ಒತ್ತುವ ರೂಢಿ ಬೆಳೆದಿದೆ. ಗಾಯದ ಮೇಲೆ ತಂಬಾಕಿನ ಪುಡಿ ಒತ್ತುವವರನ್ನು ನಾವೆಲ್ಲ ಬಲ್ಲೆವು. ತಂಬಾಕಿನ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿಯುವ ವಿಷ. ಒಳ್ಳೆಯ ಮುಲಾಮು ಮನೆಯ ಗೂಡಿನಲ್ಲಿ ಇದ್ದರೆ ಈ ರೂಢಿ ತಾನಾಗಿ ಬಿಡುತ್ತದೆ ಎಂಬ ನಂಬಿಕೆ ನಮ್ಮದು.

ಮುಲಾಮು ಮಾಡುವುದನ್ನು ಗುಟ್ಟಾಗಿ ಇಡುವವರ ಜೊತೆ ನಮಗೆ ಜಗಳವಿದೆ. ಆದ್ದರಿಂದ ಇಲ್ಲಿಯೇ ಹೇಳುತ್ತೇವೆ. ಕನಿಷ್ಠ ಒಂದು ವರ್ಷ ಸಿಂಪಡಣೆ ಕಾಣದ ಬದುವಿನಿಂದ, ಹೆದ್ದಾರಿಯಿಂದಲೂ ಚರಂಡಿಯಿಂದಲೂ ದೂರದ ಜಾಗದಿಂದ, ಇಬ್ಬನಿ ಆರಿದ ಮೇಲೆ ದಗಡಿಪಾಲಾ ಮತ್ತು ಬೇವಿನ ಎಳೆ ತಪ್ಪಲು ಕೊಯ್ಯಬೇಕು. ಒಂದು ಗಿಡದಿಂದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕೀಳಬಾರದು, ಬೇರು ಮುಟ್ಟಲೇಬಾರದು. ಹಳೆಯ ತೈಲಪಾಕದ ಅಳತೆ ಇಂದಿಗೂ ಸರಿಯಾಗಿದೆ: ಅರೆದ ತಪ್ಪಲು 1 ಪಾಲು, ಎಣ್ಣೆ 4 ಪಾಲು, ಹಿಂಡಿದ ರಸ 16 ಪಾಲು. ನಮ್ಮಲ್ಲಿ ಎಳ್ಳೆಣ್ಣೆ ಸಿಗುತ್ತದೆ, ಕುಸುಬಿ ಎಣ್ಣೆ ಸಿಗುತ್ತದೆ. ಕೆಸರುಹುಣ್ಣಿಗೆಂದು ಮಾಡುವವರು ಅದರಲ್ಲಿ ಕಾಲು ಭಾಗ ಹುಲಗಲ ಎಣ್ಣೆ ಸೇರಿಸುತ್ತಾರೆ. ವಾಸನೆ ಕಟು, ಆದರೆ ಹಿಡಿದರೆ ಬಿಡುವುದಿಲ್ಲ. ದಪ್ಪ ತಳದ ಪಾತ್ರೆ, ಸಣ್ಣ ಉರಿ, ಕದಡುತ್ತಲೇ ಇರುವ ಕೈ. ಆತುರದವರಿಗೆ ಈ ಕೆಲಸ ಒಗ್ಗುವುದಿಲ್ಲ. ನೀರೆಲ್ಲ ಇಂಗಿತೋ ಇಲ್ಲವೋ ತಿಳಿಯಲು ತಳದ ಗಸಿಯನ್ನು ಬೆರಳ ನಡುವೆ ಹೊಸೆದು ನೋಡಬೇಕು. ಬತ್ತಿಯಾಗಿ ನಿಲ್ಲಬೇಕು. ಆ ಬತ್ತಿಯನ್ನು ಉರಿಗೆ ಹಿಡಿದರೆ ಚಟಪಟ ಸದ್ದು ಬರಬಾರದು. ಸದ್ದು ಬಂದರೆ ಒಳಗೆ ನೀರಿದೆ, ಆ ಮುಲಾಮು ತಿಂಗಳೊಳಗೆ ಬೂಸಲು ಹಿಡಿಯುತ್ತದೆ. ಇದಾದ ಮೇಲೆ ತೊಳೆದು ಒಣಗಿಸಿದ ಧೋತರದ ಬಟ್ಟೆಯಲ್ಲಿ ಸೋಸಿ, ಎಣ್ಣೆ 6 ಪಾಲಿಗೆ ಜೇನುಮೇಣ 1 ಪಾಲು ಹಾಕಿ ಕರಗಿಸಬೇಕು. ಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ, ಹೊಗೆಯಾಡುವ ತನಕ ಕಾಯಿಸುವ ಅಗತ್ಯವಿಲ್ಲ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಮೇಣ ಇನ್ನಷ್ಟು ಬೇಕು. ಕಾಯಿಸಿ ಆರಿಸಿದ ಗಾಜಿನ ಭರಣಿಗೆ ಬಿಸಿಯಿದ್ದಾಗಲೇ ಸುರಿದು, ಗಿಡದ ಹೆಸರು, ಕೊಯ್ದ ಹೊಲ, ಮಾಡಿದ ದಿನ ಬರೆದು ಅಂಟಿಸಬೇಕು. ಬರೆಯದ ಭರಣಿಯನ್ನು ನಮ್ಮ ಚಳವಳಿ ಒಪ್ಪುವುದಿಲ್ಲ.

ಇಲ್ಲಿ ಮೇಣದ ವಿಚಾರ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಜೈನರ ಮನೆಗಳು ಬಹಳ. ಆಚಾರ್ಯ ಶಾಂತಿಸಾಗರರ ಊರು ಭೋಜ ನಮಗೆ ಹತ್ತಿರದ್ದೇ. ಜೇನನ್ನು ತ್ಯಜಿಸಿದವರಿಗೆ ಜೇನುಮೇಣದ ಮುಲಾಮು ಹಚ್ಚು ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ, ಅದರ ಅಗತ್ಯವೂ ಇಲ್ಲ. ರಾಷ್ಟ್ರಕೂಟರ ಕಾಲದ ಜೈನ ಆಚಾರ್ಯ ಉಗ್ರಾದಿತ್ಯ ತನ್ನ 'ಕಲ್ಯಾಣಕಾರಕ'ದಲ್ಲಿ ಮದ್ಯ, ಮಾಂಸ, ಜೇನು ಮೂರನ್ನೂ ಬಿಟ್ಟು ಇಡೀ ವೈದ್ಯಶಾಸ್ತ್ರವನ್ನೇ ಕಟ್ಟಿ ತೋರಿಸಿದ. ಅಂಥ ಪರಂಪರೆಯ ನೆಲದಲ್ಲಿ ಮೇಣವಿಲ್ಲದ ದಾರಿ ಇಲ್ಲದಿರುತ್ತದೆಯೆ? ಎರಡು ದಾರಿಗಳಿವೆ. ತಾಮ್ರದ ಪಾತ್ರೆಯಲ್ಲಿ ತುಪ್ಪಕ್ಕೆ ತಣ್ಣೀರು ಹಾಕಿ ಕಲೆಸಿ, ನೀರು ಚೆಲ್ಲಿ, ಮತ್ತೆ ಹಾಕಿ, ಹೀಗೆ ನೂರು ಸಲ ತೊಳೆದರೆ ತುಪ್ಪ ಬೆಣ್ಣೆಗಿಂತ ನಯವಾದ ಬಿಳಿಯ ಲೇಪವಾಗುತ್ತದೆ. ಆಯುರ್ವೇದ ಅದನ್ನು ಶತಧೌತ ಘೃತ ಎನ್ನುತ್ತದೆ. ಇನ್ನೊಂದು, ಪುಡಿಮಾಡಿದ ರಾಳವನ್ನು ಕಾದ ಎಳ್ಳೆಣ್ಣೆಯಲ್ಲಿ ಕರಗಿಸಿ ನೀರಿಗೆ ಸುರಿದು ಕಡೆಯುವುದು. ಕಡೆದಂತೆ ಅದೂ ಬೆಳ್ಳಗೆ ಏಳುತ್ತದೆ. ಇವು ನೀರಿನಂಶ ಉಳಿಯುವ ಮುಲಾಮುಗಳಾದ್ದರಿಂದ ಬೇಗ ಕೆಡುತ್ತವೆ, ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಬೇಕು. ಎಲ್ಲ ಜಾತಿ-ಧರ್ಮದವರೂ ಹಚ್ಚಿಕೊಳ್ಳಬಹುದಾದ ಮುಲಾಮು ಊರಿಗೊಂದು ಇರಲೇಬೇಕು. ಈ ಕರಾರನ್ನು ನಾವು ಎಂದೂ ಸಡಿಲಿಸುವುದಿಲ್ಲ.

ಯಾವುದಕ್ಕೆ ಈ ಮುಲಾಮು ಅಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಹಾವು ಕಚ್ಚಿದರೆ ಯಾವ ತಪ್ಪಲೂ ಬೇಡ. ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಓಡಬೇಕು, ದಾರಿಯಲ್ಲಿ ಯಾರ ಮನೆಯ ಮುಂದೂ ನಿಲ್ಲಬಾರದು. ಕುಡಗೋಲು ಆಳಕ್ಕೆ ಇಳಿದರೆ, ತುಕ್ಕು ಮೊಳೆ ಚುಚ್ಚಿದರೆ ಧನುರ್ವಾತದ ಚುಚ್ಚುಮದ್ದು ಮೊದಲು. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ, ಕೀವು ತುಂಬಿದ ಹುಣ್ಣು, ಸುಟ್ಟು ಬೊಬ್ಬೆಯೆದ್ದ ಮೈ, ಎಳೆಗೂಸಿನ ಚರ್ಮ ಇವಕ್ಕೆ ವೈದ್ಯರೇ ಬೇಕು. ದಗಡಿಪಾಲಾ ಗಾಯ ಮಾಯಿಸುವ ಬಗ್ಗೆ ಇಲಿಗಳ ಮೇಲೆ ಪ್ರಯೋಗಗಳು ನಡೆದಿವೆ. ಇಲಿಯ ಗಾಯ ಮಾಯ್ದದ್ದನ್ನು ಮನುಷ್ಯನ ಗಾಯಕ್ಕೆ ಪ್ರಮಾಣಪತ್ರವಾಗಿ ನಾವು ತೋರಿಸುವುದಿಲ್ಲ. ಗೀರು, ತರಚು, ಬಿರುಕು, ಒಣಚರ್ಮ, ಹಿಮ್ಮಡಿ, ಕಾಲ್ಬೆರಳ ಸಂದಿ. ನಮ್ಮ ಮುಲಾಮಿನ ಸೀಮೆ ಅಷ್ಟೇ, ಆ ಸೀಮೆಯೊಳಗೆ ಅದು ಒಳ್ಳೆಯ ಕೆಲಸ ಮಾಡುತ್ತದೆ. ಮೊದಲ ಸಲ ಹಚ್ಚುವವರು ಮುಂಗೈಯ ಒಳಬದಿಗೆ ಚುಕ್ಕೆಯಷ್ಟು ಹಚ್ಚಿ ಒಂದು ದಿನ ಕಾಯಲಿ.

ಹತ್ತಿರ ಹೋಗಬಾರದ ಗಿಡಗಳೂ ಇದೇ ಬದುವಿನಲ್ಲಿವೆ. ಎಕ್ಕಿಯ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಚಿತ್ರಮೂಲದ ಬೇರು ಮತ್ತು ಬಿಬ್ಬೆಯ ಕಾಯಿ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸುತ್ತವೆ. ದತ್ತೂರಿಯ ವಿಷ ಎಲ್ಲರಿಗೂ ಗೊತ್ತು, ಅಗ್ನಿಶಿಖೆಯ ಗಡ್ಡೆಯ ವಿಷ ಎಲ್ಲರಿಗೂ ಗೊತ್ತಿಲ್ಲ. ಆದ್ದರಿಂದ ನಮ್ಮಲ್ಲಿ ಕಲಿಕೆ ಆರಂಭವಾಗುವುದು ವಿಷದ ಗಿಡಗಳಿಂದ. ಅವನ್ನು ಗುರುತಿಸಲು ಕಲಿತವರಿಗೆ ಮಾತ್ರ ಬುಟ್ಟಿ. ಮೊಬೈಲಿನ ಚಿತ್ರ ನೋಡಿ ಗಿಡ ಕಿತ್ತು ತರುವುದನ್ನು ನಾವು ಒಪ್ಪುವುದಿಲ್ಲ. ಬಲ್ಲವರ ಜೊತೆ ಹೊಲಕ್ಕೆ ಹೋಗಬೇಕು, ಹೂವಿದ್ದಾಗಲೂ ಕಾಯಿದ್ದಾಗಲೂ ನೋಡಬೇಕು, ಮೂಸಬೇಕು. ಬಲ್ಲವರು ಇನ್ನೂ ಇದ್ದಾರೆ. ಕಳೆ ತೆಗೆಯುತ್ತಲೇ ವಯಸ್ಸಾದ ಹೆಂಗಸರು, ಕುರಿಯ ಹಿಂದೆ ತಿರುಗಿದ ಹಾಲುಮತದ ಹಿರಿಯರು, ದನಕ್ಕೆ ಮದ್ದು ಹಾಕುವವರು. ಇವರಲ್ಲಿ ಹಲವರಿಗೆ ಅಕ್ಷರ ಬರುವುದಿಲ್ಲ, ಅವರನ್ನು ಗುರುಗಳೆಂದು ಕರೆಯಲು ನಮಗೆ ಅಕ್ಷರ ಅಡ್ಡಿಯಲ್ಲ.

ಆದರೆ ಬರೆದಿಡುವ ಕೆಲಸ ನಮ್ಮದು, ಅದಕ್ಕೆ ಕಾರಣವೂ ಇದೆ. ಗಾಯಕ್ಕೆ ಅರಿಶಿನ ಹಚ್ಚುವುದು ನಮ್ಮ ನಾಡಿನ ಯಾವ ಮಗುವಿಗೆ ಗೊತ್ತಿಲ್ಲ? ಅರಿಶಿನದ ದೊಡ್ಡ ಪೇಟೆ ಸಾಂಗ್ಲಿ ನಮ್ಮ ಪಕ್ಕದಲ್ಲೇ ಇದೆ, ಅಪ್ಪಾಚಿವಾಡಿಯ ಹಾಲಸಿದ್ಧನಾಥನ ಜಾತ್ರೆಯಲ್ಲಿ ಭಂಡಾರ ಹಾರಿ ದಾರಿಯೆಲ್ಲ ಹಳದಿಯಾಗುತ್ತದೆ. ಹೀಗಿದ್ದೂ 1995ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಗಾಯ ಮಾಯಿಸಲು ಅರಿಶಿನ ಬಳಸುವುದನ್ನು ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ಹಕ್ಕೆಂದು ಬರೆದುಕೊಟ್ಟಿತು. ರಘುನಾಥ ಮಾಶೇಲ್ಕರ್ ಅವರ ನೇತೃತ್ವದಲ್ಲಿ ನಮ್ಮ ದೇಶದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಅದನ್ನು ಪ್ರಶ್ನಿಸಿತು, 1997ರಲ್ಲಿ ಪೇಟೆಂಟ್ ರದ್ದಾಯಿತು. ಗೆದ್ದದ್ದು ಯಾವುದರಿಂದ? ಕೋಟಿ ಮನೆಗಳ ರೂಢಿ ಅಲ್ಲಿ ಸಾಕ್ಷಿಯಾಗಲಿಲ್ಲ. ಸಂಸ್ಕೃತ ಗ್ರಂಥಗಳ ಬರಹ ಮತ್ತು 1953ರ ಒಂದು ವೈದ್ಯಕೀಯ ಲೇಖನದಂಥ ಮುದ್ರಿತ ದಾಖಲೆಗಳೇ ಸಾಕ್ಷಿಯಾದವು. ಅರಿಶಿನಕ್ಕೆ ಗ್ರಂಥವಿತ್ತು. ಅಕ್ಕೋಳದ ಮುದುಕಿಯೊಬ್ಬಳ ಕೆಸರುಹುಣ್ಣಿನ ಎಣ್ಣೆಗೆ ಯಾವ ಗ್ರಂಥವಿದೆ?

ಬರೆಯಲು ಕಾನೂನಿನ ಪುಸ್ತಕವೇ ತೆರೆದಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ-ಮರ-ಪ್ರಾಣಿ ಮತ್ತು ಅವುಗಳ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಯಬೇಕು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರಂಥವರು ಈ ದಾಖಲಾತಿಯನ್ನು ಕಲ್ಪಿಸಿದ್ದು ಹಳ್ಳಿಯ ಜನರೇ ಕೂತು ಬರೆಯಲಿ ಎಂದು. ನಮ್ಮ ಬೇಡಿಕೆ ಇದು: ಐದೂ ತಾಲೂಕುಗಳ ಪ್ರತಿ ಪಂಚಾಯಿತಿ ತನ್ನ ದಾಖಲಾತಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಬದುವಿನ ಮದ್ದು ಅದರಲ್ಲಿ ಇಲ್ಲದಿದ್ದರೆ ಅಲ್ಲಿಯೇ ಸೇರಿಸಲಿ. ಕನ್ನಡದ ಹೆಸರು, ಮರಾಠಿಯ ಹೆಸರು, ಸಸ್ಯಶಾಸ್ತ್ರದ ಹೆಸರು ಮೂರೂ ಇರಲಿ. ಗಡಿಯ ಊರಿನಲ್ಲಿ ಹೆಸರು ತಪ್ಪಿದರೆ ಗಿಡ ತಪ್ಪುತ್ತದೆ, ಗಿಡ ತಪ್ಪಿದರೆ ಜೀವಕ್ಕೆ ಕುತ್ತು. ಗಿಡಗಳ ಗುರುತು ಖಚಿತಪಡಿಸಲು ಬೆಳಗಾವಿಯಲ್ಲಿಯೇ ಇರುವ ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ ಮತ್ತು ಆಯುರ್ವೇದ ಕಾಲೇಜುಗಳು ವರ್ಷಕ್ಕೊಮ್ಮೆಯಾದರೂ ನಮ್ಮ ಹೊಲಗಳಿಗೆ ಬರಲಿ. ಅವರನ್ನು ಬದುವಿನ ಮೇಲೆ ನಡೆಸಿಕೊಂಡು ಹೋಗುವ ಹೊಣೆ ನಮ್ಮದು. ಗಾಯರಾಣದ ಒತ್ತುವರಿ ನಿಲ್ಲಲಿ, ಉಳಿದ ಗಾಯರಾಣದಲ್ಲಿ ಲಕ್ಕಿ, ಹುಲಗಲ, ಬೇವು, ತಂಗಡಿ ಬೆಳೆಯಲಿ.

ಕಸನಾಶಕದ ಬಗ್ಗೆ ರೈತರ ಮಾತು ನಮಗೆ ಗೊತ್ತು, ನಾವೂ ರೈತರೇ. ಕಳೆಗೆ ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಮುಟ್ಟಿಸಲಾಗುವುದಿಲ್ಲ. ಅದಕ್ಕೇ ಸಾಲಿನೊಳಗೆ ಏನು ಮಾಡಬೇಕೆಂದು ನಾವು ಹೇಳುತ್ತಿಲ್ಲ. ಬದುವನ್ನಷ್ಟೇ ಕೇಳುತ್ತಿದ್ದೇವೆ. ಬದುವಿಗೆ ಬಹಳವಾಗಿ ಹೊಡೆಯುವ ಗ್ಲೈಫೋಸೇಟನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವುಳ್ಳದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ವರ್ಗೀಕರಿಸಿತು. ಪರವಾನಗಿಯುಳ್ಳ ಕೀಟನಿಯಂತ್ರಕರ ಹೊರತು ಯಾರೂ ಅದನ್ನು ಸಿಂಪಡಿಸಬಾರದೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿತು. ನಮ್ಮ ಬದುಗಳ ಮೇಲೆ ಆ ಆದೇಶದ ನೆರಳೂ ಬಿದ್ದಿಲ್ಲ. ಬದುವಿನ ಹುಲ್ಲು ಎತ್ತರವಾದರೆ ಕುಡಗೋಲಿನಿಂದ ಸವರಿ ಎಮ್ಮೆಗೆ ಹಾಕಬಹುದು. ಹುಲ್ಲಿನಲ್ಲಿ ಅಡಗುವ ಇಲಿಯ ಕಾಟಕ್ಕೂ ಅದೇ ಮದ್ದು.

ಮಾರಬಾರದು ಎಂದೇಕೆ ಹಟ ಹಿಡಿದಿದ್ದೇವೆ? 1940ರ ಔಷಧ ಮತ್ತು ಪ್ರಸಾಧನ ಕಾಯ್ದೆ ಪರವಾನಗಿಯಿಲ್ಲದೆ ಔಷಧ ತಯಾರಿಸಿ ಮಾರುವುದನ್ನು ತಡೆಯುತ್ತದೆ, ತಡೆಯುವುದು ಸರಿಯಾಗಿಯೂ ಇದೆ. ಅದಕ್ಕಿಂತ ದೊಡ್ಡ ಕಾರಣ ಗಿಡದ್ದು. ಕೊರೋನಾ ಕಾಲದಲ್ಲಿ ಅಮೃತಬಳ್ಳಿಗೆ ಬೇಡಿಕೆ ಬಂದಾಗ ಬೇವಿನ ಮರಗಳ ಮೇಲಿನ ಬಳ್ಳಿಗಳನ್ನು ಜನ ಬುಡಸಮೇತ ಎಳೆದರು. ಅದನ್ನು ಸೇವಿಸಿದ ಕೆಲವರ ಯಕೃತ್ತಿಗೆ ಪೆಟ್ಟಾದದ್ದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಪೇಟೆ ಹೊಕ್ಕ ಗಿಡಕ್ಕೆ ಅಳತೆ ಇರುವುದಿಲ್ಲ. ಮನೆಗೆ ಬೇಕಾದಷ್ಟು ಎಂಬುದೊಂದೇ ನಮಗೆ ಗೊತ್ತಿರುವ ಅಳತೆ. ಹೆಚ್ಚಾದ ಭರಣಿ ನೆರೆಯವರಿಗೆ, ಕಬ್ಬಿನ ಗ್ಯಾಂಗಿನವರ ಗುಡಿಸಲಿಗೆ ಪುಕ್ಕಟೆ ಹೋಗಲಿ.

ಈ ನೆಲ ಚಳವಳಿಗೆ ಹೊಸದಲ್ಲ. 1981ರಲ್ಲಿ ರೈತ ನಾಯಕ ಶರದ್ ಜೋಶಿಯವರ ಕರೆಗೆ ಓಗೊಟ್ಟು ತಂಬಾಕು ಬೆಳೆಗಾರರು ನಿಪ್ಪಾಣಿಯ ಹೆದ್ದಾರಿಯಲ್ಲಿ ವಾರಗಟ್ಟಲೆ ಕೂತರು. ಏಪ್ರಿಲಿನಲ್ಲಿ ಗುಂಡು ಹಾರಿತು, ರೈತರು ಜೀವ ತೆತ್ತರು. ಅವರು ಬೆಳೆದ ಬೆಳೆಗೆ ಬೆಲೆ ಕೇಳಿದರು. ನಾವು ಯಾರೂ ಬಿತ್ತದೆ ಬೆಳೆಯುವುದಕ್ಕೆ ಜಾಗ ಕೇಳುತ್ತಿದ್ದೇವೆ. ನಮಗೆ ಹೆದ್ದಾರಿ ಬೇಡ, ಸರ್ಕಾರದ ಹಣ ಬೇಡ. ನಮ್ಮ ಹೋರಾಟ ಮೊದಲು ನಮ್ಮ ಕೈಯಲ್ಲಿರುವ ಪಂಪಿನ ಜೊತೆ.

ಓದುತ್ತಿರುವ ನಿಮಗೆ ಬದು ಇದ್ದರೆ ಈ ಸಲ ಮಿರಗದಿಂದ ದಸರೆಯ ತನಕ ಅದಕ್ಕೆ ಏನೂ ಹೊಡೆಯಬೇಡಿ. ಪಕ್ಕದ ಹೊಲದವರನ್ನೂ ಒಪ್ಪಿಸಿ, ಬದು ಇಬ್ಬರದು. ಹೊಲವಿಲ್ಲದವರು ಮನೆಯ ಹಿರಿಯಳನ್ನು ಒಂದು ಮುಂಜಾನೆ ಹಳ್ಳದ ದಂಡೆಗೆ ಕರೆದುಕೊಂಡು ಹೋಗಿ, ಆಕೆ ಹೇಳಿದ್ದನ್ನೆಲ್ಲ ದಿನಾಂಕ ಹಾಕಿ ಬರೆದುಕೊಳ್ಳಿ. ಆ ವಹಿಯನ್ನು ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಗೆ ತನ್ನಿ.